ಮೈಗಳ್ಳರ ತಿಪ್ಪೆ

ಕರ್ನಾಟಕದಲ್ಲಿ ಊರೂರಿಗೆ ಗಿಡ ಹಂಚಿದಾಗ ಮೈಸೂರಿಗೆ ಮಲ್ಲಿಗೆ ಹೋಯಿತು, ನಂಜನಗೂಡಿಗೆ ರಸಬಾಳೆ, ದೇವನಹಳ್ಳಿಗೆ ಚಕ್ಕೋತ, ಬ್ಯಾಡಗಿಗೆ ಮೆಣಸಿನಕಾಯಿ. ನಮ್ಮ ಸರದಿ ಬರೋ ಹೊತ್ತಿಗೆ ಬುಟ್ಟಿಯಲ್ಲಿ ಉಳಿದದ್ದು ಬರೀ ಮುಳ್ಳು. ಅದಕ್ಕೆ ‘ಬಳ್ಳಾರಿ ಜಾಲಿ’ ಅಂತ ಹೆಸರಿಟ್ಟು ನಮ್ಮ ಖಾತೆಗೆ ಹಚ್ಚಿದರು. ಅದಾದರೂ ಈ ಮಣ್ಣಿನದಾ ಅಂದರೆ ಅಲ್ಲ. ಅಮೆರಿಕ ಖಂಡದ ಒಣಸೀಮೆಯಿಂದ ಹತ್ತೊಂಬತ್ತನೇ ಶತಮಾನದಲ್ಲಿ ಈ ದೇಶಕ್ಕೆ ಬಂದು, ಆಧಾರ್ ಕಾರ್ಡು ಕೇಳೋರಿಲ್ಲದ ಕಾಲದಲ್ಲಿ ಇಲ್ಲೇ ಸಂಸಾರ ಹೂಡಿದ ಗಿಡ.

ನನಗೇನೂ ಬೇಜಾರಿಲ್ಲ. ಹೇಳಬೇಕೆಂದರೆ ಬಳ್ಳಾರಿ ಹಿತ್ತಲಲ್ಲಿ ಏನಾದರೂ ಬೆಳೆಸಬೇಕೆನ್ನುವವರು ಮೊದಲು ಈ ಜಾಲಿಯ ಮುಂದೆ ಕೈಕಟ್ಟಿ ನಿಂತು ಪಾಠ ಕೇಳಬೇಕು. ಬಿತ್ತೋ ಕೆಲಸವನ್ನು ಅದು ಆಡುಗಳಿಗೆ ವಹಿಸಿದೆ. ಅವು ಕಾಯಿ ತಿಂದು ಬೀಜವನ್ನು ಹಿಕ್ಕೆಯ ಸಮೇತ ದಾರಿಯುದ್ದಕ್ಕೂ ಉದುರಿಸುತ್ತಾ ಹೋಗುತ್ತವೆ. ಬೀಜ, ಗೊಬ್ಬರ ಎರಡೂ ಒಂದೇ ಪೊಟ್ಟಣ, ಡೆಲಿವರಿ ಚಾರ್ಜು ಸೊನ್ನೆ. ನೀರು ಹಾಕೋರಿಲ್ಲ, ಔಷಧಿ ಹೊಡೆಯೋರಿಲ್ಲ, ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕೋರಿಲ್ಲ. ಮೇ ತಿಂಗಳಲ್ಲಿ ನಮ್ಮ ಓಣಿಯ ಗುಲಾಬಿಗಳೆಲ್ಲ ಹಪ್ಪಳವಾಗಿ ನಿಂತಾಗ ಅದೊಂದು ಮಾತ್ರ ಹಸಿರು. ಹಾಗಂತ ಮನೆ ಹಿಂದೆ ತಂದು ನೆಡಬೇಡಿ. ಒಮ್ಮೆ ಬೇರು ಬಿಟ್ಟರೆ ಮನೆಯೇ ಅದರ ಹಿತ್ತಲಾಗುತ್ತದೆ. ಮರೆತರೂ ಬದುಕುವ ಗಿಡವೇ ಬಳ್ಳಾರಿಗೆ ಗಿಡ, ಇಷ್ಟು ಕಲಿತರೆ ಸಾಕು.

ಆದರೆ ಕಲಿಯೋರು ಯಾರು? ನಮ್ಮ ಓಣಿಯಲ್ಲಿ ತೋಟಗಾರಿಕೆ ಅಂದರೆ ಒಂದು ವ್ರತ. ಎದುರುಮನೆ ರಿಟೈರ್ಡ್ ಮೇಷ್ಟ್ರು ಬೆಳಿಗ್ಗೆ ಐದಕ್ಕೇ ಎದ್ದು ಗಿಡಗಳ ಹಾಜರಿ ತಗೊಳ್ತಾರೆ. ಎಲೆ ಸ್ವಲ್ಪ ಹಳದಿಯಾದರೆ ಬೇರು ನೋಡಬೇಕು ಅಂತ ಗಿಡವನ್ನೇ ಕಿತ್ತು ನೋಡ್ತಾರೆ. ಗಿಡಕ್ಕೆ ಅದಕ್ಕಿಂತ ದೊಡ್ಡ ರೋಗ ಇನ್ನೇನಿದೆ? ಮೂಲೆಮನೆಯ ಹುಡುಗಿ ಏಪ್ರಿಲ್ಲಿನಲ್ಲಿ ಆನ್‌ಲೈನಿನಿಂದ ಎರೆಹುಳ ತರಿಸಿದಳು. ಎರೆಹುಳಕ್ಕೆ 35 ಡಿಗ್ರಿ ದಾಟಿದರೆ ಜೀವ ಹಿಂಡುತ್ತದೆ. ಪಾಪ, ತಂಪಾದ ಊರಿಂದ ಬಂದ ಜೀವಗಳು, ಕೊರಿಯರ್ ಡಬ್ಬಿ ತೆಗೆಯೋದರೊಳಗೇ ಬಳ್ಳಾರಿ ದರ್ಶನ ಮುಗಿಸಿಬಿಟ್ಟಿದ್ದವು.

ನಮ್ಮನೆಯವರ ಕತೆ ಬೇರೆ. ಅವರು ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರರ ಜೀವಾಮೃತ ಅನ್ನೋ ದ್ರವಗೊಬ್ಬರ ಮಾಡೋಕೆ ಹೊರಟರು. ಲೆಕ್ಕ ಪಕ್ಕಾ: 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು. ಹೊಲ ಇರೋರಿಗೆ ಸರಿಯಾದ ಲೆಕ್ಕವೇ. ನಮಗಿರೋದು ಒಂದು ನುಗ್ಗೆ, ಒಂದು ಕರಿಬೇವು, ನಾಲ್ಕು ಬದನೆ. ನಳ ದಿನಾ ಬರದ ಊರಲ್ಲಿ ಒಂದೇ ಸಲಕ್ಕೆ 200 ಲೀಟರ್ ನೀರು ಎತ್ತಿ ಡ್ರಮ್ಮಿಗೆ ಸುರೀತಾರೆ ಅಂದರೆ ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡ್ತಾರೆ. ಅದೂ ಹೋಗಲಿ, ಡಬ್ಬಿಯಿಂದ ಕಡ್ಲೆಹಿಟ್ಟು ಅಳೆಯೋಕೆ ಶುರು ಮಾಡಿದಾಗ ನಾನು ಅಡ್ಡ ನಿಂತೆ. “ಅಲ್ರೀ, ಬಳ್ಳಾರಿಯಲ್ಲಿ ಹುಟ್ಟಿ ಎರಡು ಕಿಲೋ ಕಡ್ಲೆಹಿಟ್ಟನ್ನ ಮಿರ್ಚಿಗಲ್ಲದೆ ಮಣ್ಣಿಗೆ ಹಾಕ್ತೀರಾ? ಯಾವ ದೇವರು ಮೆಚ್ಚುತ್ತಾನೆ?” ಅಂದೆ. ಅವತ್ತು ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಆಯಿತು. ಜೀವಾಮೃತದ ವಿಷಯ ಮತ್ತೆ ಬರಲಿಲ್ಲ.

ಅಷ್ಟಕ್ಕೇ ಬಿಡೋ ಜಾತಿಯಲ್ಲ ಅವರು. ಗೊಬ್ಬರದ ರಾಶಿ ಒಳಗೆ 60 ಡಿಗ್ರಿ ಕಾವು ಬರಬೇಕಂತೆ, ಎಲ್ಲೋ ಓದಿದ್ದರು. ಜ್ವರ ನೋಡೋ ಥರ್ಮಾಮೀಟರನ್ನು ರಾಶಿಗೆ ಚುಚ್ಚಿ ಕೂತರು. ಅದು 42ರ ಮೇಲೆ ಓದೋದೇ ಇಲ್ಲ. ಬಳ್ಳಾರಿ ಮೇ ತಿಂಗಳಲ್ಲಿ ಅದನ್ನು ಕಟ್ಟೆ ಮೇಲೆ ಸುಮ್ಮನೆ ಇಟ್ಟರೂ 42ಕ್ಕೆ ಹೋಗಿ ನಿಲ್ಲುತ್ತದೆ. ಕಟ್ಟೆಗೆ ಜ್ವರ ಬಂದಿದೆ ಅಂತ ಕ್ರೋಸಿನ್ ಕೊಡೋಕಾಗುತ್ತಾ?

ಇವರೆಲ್ಲರ ತಾಪತ್ರಯದ ಮೂಲ ಒಂದೇ: ಗೊಬ್ಬರ ನಾವು ಮಾಡ್ತೀವಿ ಅನ್ನೋ ಭ್ರಮೆ. ಗೊಬ್ಬರ ಮಾಡೋರು ಸೂಕ್ಷ್ಮಾಣುಗಳು, ಹುಳಗಳು, ಬೂಷ್ಟು. ನಾವು ಬರೀ ಅವರ ಊಟದ ವ್ಯವಸ್ಥೆ ನೋಡ್ಕೊಳ್ಳೋ ಬೀಗರು. ಬೀಗರು ಪದೇಪದೇ ಬಂದು ಎಲೆ ಸರಿಸಿ ನೋಡಿದರೆ ಉಣ್ಣೋರಿಗೆ ಗಂಟಲಿಗಿಳಿಯುತ್ತಾ?

ಮೈಗಳ್ಳತನಕ್ಕೆ ಶಾಸ್ತ್ರಾಧಾರ ಇಲ್ಲ ಅಂದುಕೊಳ್ಳಬೇಡಿ. ಗೊಬ್ಬರದ ಶಾಸ್ತ್ರದಲ್ಲಿ ಎರಡು ಘರಾನೆಗಳಿವೆ. ಒಂದು ಇಂದೂರಿನದು. ಆಲ್ಬರ್ಟ್ ಹೋವಾರ್ಡ್ ಎಂಬ ಇಂಗ್ಲಿಷ್ ಸಾಹೇಬರು 1924ರಿಂದ 1931ರವರೆಗೆ ಅಲ್ಲಿ ಕೂತು ರೂಪಿಸಿದ್ದು. ಕಸ, ಸಗಣಿ ಪದರ ಪದರವಾಗಿ ಹಾಕಿ, ಹದಿನೈದನೇ ದಿನ ಒಂದು ಸಲ, ತಿಂಗಳಾದಾಗ ಇನ್ನೊಂದು ಸಲ, ಎರಡು ತಿಂಗಳಾದಾಗ ಮತ್ತೊಂದು ಸಲ ಎಲ್ಲವನ್ನೂ ಬುಡಮೇಲು ಮಾಡಿ ತಿರುವಬೇಕು. ನಾಲ್ಕು ತಿಂಗಳಿಗೆ ಗೊಬ್ಬರ ಸಿದ್ಧ, ಅಷ್ಟೊತ್ತಿಗೆ ನಮ್ಮ ಸೊಂಟವೂ ಸಿದ್ಧ. ಇನ್ನೊಂದು ನಮ್ಮದೇ ಬೆಂಗಳೂರು ಪದ್ಧತಿ. 1939ರಲ್ಲಿ ಆಚಾರ್ಯ ಎಂಬ ವಿಜ್ಞಾನಿ ರೂಪಿಸಿದ್ದು. ಗುಂಡಿಯಲ್ಲಿ ಪದರ ಹಾಕು, ಒಂದು ವಾರ ಹತ್ತು ದಿನ ಕಾವು ಬರಲಿ, ಆಮೇಲೆ ಮೇಲೆ ಹಸಿಮಣ್ಣು ಮೆತ್ತು, ಮನೆಗೆ ಹೋಗು. ಆರರಿಂದ ಎಂಟು ತಿಂಗಳು ಆ ಕಡೆ ತಲೆ ಹಾಕಬೇಡ. ತಿರುವೋದಿಲ್ಲ, ನೀರು ಚಿಮುಕಿಸೋದಿಲ್ಲ. ಮೂಲ ಪದ್ಧತಿಯಲ್ಲಿ ಊರ ಕಸದ ಜೊತೆಗೆ ಇನ್ನೊಂದು ಪದಾರ್ಥವೂ ಇತ್ತು, ಊಟದ ಹೊತ್ತಿಗೆ ಓದುವವರಿದ್ದಾರೆ, ಅದನ್ನು ಬಿಡಿ. ಬೆಂಗಳೂರಿನವರು ಜಗತ್ತಿಗೆ ಸಾಫ್ಟ್‌ವೇರ್ ಕೊಟ್ಟರು ಅಂತ ಎದೆ ತಟ್ಟಿಕೊಳ್ತಾರೆ. ನನ್ನನ್ನು ಕೇಳಿದರೆ ಸುಮ್ಮನಿರುವ ವಿದ್ಯೆಗೆ ಊರ ಹೆಸರು ಬಂದದ್ದೇ ದೊಡ್ಡದು. ಈಗಿನ ಟ್ರಾಫಿಕ್ಕಿನಲ್ಲಿ ಅದು ಉಪಯೋಗಕ್ಕೂ ಬರುತ್ತಿದೆ.

ಅಷ್ಟಕ್ಕೂ ನಮ್ಮ ಎರೆಮಣ್ಣೇ ಮೈಗಳ್ಳರ ಗುರು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಪುಡಿಮಣ್ಣು, ಒಣ ಎಲೆ, ಕಡ್ಡಿ ಎಲ್ಲ ಆ ಬಿರುಕಿನೊಳಗೆ ಬೀಳುತ್ತವೆ. ಮಳೆ ಬಿದ್ದಾಗ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಮೇಲಿದ್ದದ್ದು ಒಳಗೆ, ಒಳಗಿದ್ದದ್ದು ಮೇಲೆ. ತನ್ನನ್ನು ತಾನೇ ಉಳುವ ಮಣ್ಣು ಅಂತ ಶಾಲೆಯ ಪುಸ್ತಕದಲ್ಲೂ ಬರೆದಿರುತ್ತಾರೆ. ಮಣ್ಣೇ ಹೀಗಿರುವಾಗ ನಾನ್ಯಾಕೆ ಸಲಿಕೆ ಹಿಡಿದು ತಿರುವಲಿ? 1954ರಿಂದ ಬಳ್ಳಾರಿಯಲ್ಲಿ ಮಣ್ಣು, ನೀರು ಉಳಿಸುವ ಸಂಶೋಧನಾ ಕೇಂದ್ರವೊಂದು ಕೆಲಸ ಮಾಡ್ತಾ ಇದೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬೀಳೋ ಸೀಮೆ ಇದು. ಬಿದ್ದ ಹನಿಯನ್ನು ಬಿದ್ದಲ್ಲೇ ಹಿಡಿಯಬೇಕು ಅಂತ ಅವರು ಅಂದಿನಿಂದ ಹೇಳ್ತಾ ಬಂದಿದ್ದಾರೆ. ನಾವು ಮಾತ್ರ ಹಿತ್ತಲಿಗೆಲ್ಲ ಸಿಮೆಂಟ್ ಬಳಿದು, ಮೂಲೆಯಲ್ಲಿ ಒಂದು ತುಳಸಿಕಟ್ಟೆಯ ಅಳತೆಗೆ ಮಣ್ಣು ಉಳಿಸಿ, ‘ಗಾರ್ಡನ್ ಏರಿಯಾ’ ಅಂತ ನೆಂಟರಿಗೆ ತೋರಿಸ್ತೀವಿ.

ನಮ್ಮ ಹಿತ್ತಲ ಗುಂಡಿ ಎರಡಡಿ ಆಳ, ಮೂರಡಿ ಅಗಲ, ನುಗ್ಗೆ ನೆರಳಲ್ಲಿ. ನೆಲದ ಮೇಲೆ ರಾಶಿ ಹಾಕಿದರೆ ಇಲ್ಲಿಯ ಬಿಸಿಲಿಗೆ ಕಸ ಕೊಳೆಯೋದಿಲ್ಲ, ಸಂಡಿಗೆಯಾಗುತ್ತದೆ, ಅದಕ್ಕೇ ಗುಂಡಿ. ಒಂದು ಬುಟ್ಟಿ ಹಸಿ ಬಿದ್ದರೆ ಅದರ ಮೇಲೆ ಎರಡು ಮೂರು ಬುಟ್ಟಿ ಒಣ. ಹಸಿ ಅಂದರೆ ತರಕಾರಿ ಸಿಪ್ಪೆ, ಚಹಾ ಚರಟ, ಸೊಪ್ಪಿನ ಕಡ್ಡಿ, ದೇವರ ಮನೆಯ ಬಾಡಿದ ಹೂವು. ಒಣ ಅಂದರೆ ಬೇವಿನೆಲೆ, ಶೇಂಗಾ ಸಿಪ್ಪೆ, ಕಬ್ಬಿನ ಹಾಲಿನ ಗಾಡಿಯವನು ಬೇಡ ಅಂತ ಬಿಸಾಡೋ ಸಿಪ್ಪೆ. ವಿಜ್ಞಾನಿಗಳು ಇಂಗಾಲ ಮೂವತ್ತು ಪಾಲಿದ್ದರೆ ಸಾರಜನಕ ಒಂದು ಪಾಲು ಅಂತಾರೆ. ಆ ಲೆಕ್ಕ ಮೂಗೇ ಮಾಡುತ್ತದೆ. ವಾಸನೆ ಬಂತಾ, ಒಣ ಹಾಕು. ಕೊಳೀತಾನೇ ಇಲ್ವಾ, ಅಕ್ಕಿ ತೊಳೆದ ನೀರು ಚೆಲ್ಲು. ಹುಳಿ ಮಜ್ಜಿಗೆ ಉಳಿದಿದ್ದರೆ ಅದೂ ಆದೀತು. ಮೇಲೊಂದು ಗೋಣಿತಟ್ಟು. ಸೆಪ್ಟೆಂಬರಿನ ಮಳೆಗೆ ಮಾತ್ರ ಸುತ್ತ ಒಂದು ಸಣ್ಣ ಒಡ್ಡು, ಮೇಲೊಂದು ತಗಡು ಬೇಕೇ ಬೇಕು. ಎರೆಮಣ್ಣಿನಲ್ಲಿ ನೀರು ಇಂಗೋದಿಲ್ಲ, ಗುಂಡಿ ಹೋಗಿ ಬಾವಿಯಾಗುತ್ತದೆ. ಬಿರಿಯಾನಿ ಎಲುಬು ಹಾಕಬೇಡಿ. ಹಾಕಿದರೆ ಓಣಿಯ ನಾಯಿ, ಹೆಗ್ಗಣ ಸೇರಿ ರಾತ್ರಿ ಇಂದೂರು ಪದ್ಧತಿಯಲ್ಲಿ ತಿರುವಿ ಹೋಗ್ತವೆ.

ಗೋಣಿತಟ್ಟು ಎತ್ತಿ ನೋಡುವ ಧೈರ್ಯ ಎಲ್ಲರಿಗೂ ಇರೋದಿಲ್ಲ. ಎತ್ತಿದರೆ ಮೊದಲು ಬಿಸಿ ಉಸಿರು. ಆಮೇಲೆ ಅನ್ನದ ಅಗುಳು ನಡೆಯೋಕೆ ಕಲಿತ ಹಾಗೆ ಬೆಳ್ಳಗೆ, ಬೂದುಬಣ್ಣಕ್ಕೆ ಮಿಜಿಮಿಜಿ ಅನ್ನೋ ಮರಿಹುಳಗಳು. ಅವು ಬ್ಲ್ಯಾಕ್ ಸೋಲ್ಜರ್ ಅನ್ನೋ ನೊಣದ ಮರಿ. ಕಚ್ಚೋದಿಲ್ಲ, ಅಡುಗೆಮನೆಗೆ ಬರೋದಿಲ್ಲ. ಹಸಿ ಕಸವನ್ನು ಗಬಗಬ ತಿಂದು ಮುಗಿಸುತ್ತವೆ. ಅಂಚಿನಲ್ಲಿ ರೈಲುಹುಳ ತನ್ನ ಅಷ್ಟೂ ಬೋಗಿ ಎಳೆದುಕೊಂಡು ಯಾವ ಸಿಗ್ನಲ್ಲಿಗೂ ಕಾಯದೆ ಹೋಗ್ತಾ ಇರುತ್ತದೆ. ಆರು ತಿಂಗಳ ಮೇಲೆ ಜರಡಿ ಹಿಡಿದಾಗ ಕೆಳಗೆ ಕಪ್ಪನೆ ಪುಡಿ ಬೀಳುತ್ತದೆ, ಮೂಸಿದರೆ ಮೊದಲ ಮಳೆಯ ವಾಸನೆ. ಮೇಲೆ ಉಳಿಯೋದು ನಮ್ಮ ಸಂಸಾರದ ಗುಟ್ಟು: ಮಾವಿನ ವಾಟೆ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಶಾಂಪೂ ಸ್ಯಾಶೆ, ಸೇಬಿಗೆ ಅಂಟಿಸಿದ ಸ್ಟಿಕ್ಕರ್, ಜೀನ್ಸಿನ ಜಿಪ್ಪು. ಜೀನ್ಸ್ ಹೊಲಿಯೋ ಊರು ನೋಡಿ, ಬಟ್ಟೆಚೂರು ಎಲ್ಲಿಂದಲಾದರೂ ಬಂದು ಸೇರುತ್ತದೆ. ಹತ್ತಿ ಹೆಂಗೋ ಕರಗುತ್ತದೆ, ಜಿಪ್ಪು ಮಾತ್ರ ಹಲ್ಲು ಕಿರಿದುಕೊಂಡು ಕೂತಿರುತ್ತದೆ. ಮತ್ತೆ ಚಮಚ. ನಮ್ಮತ್ತೆಯವರು ಕೆಲಸದವಳ ಮೇಲೆ ಅನುಮಾನಪಟ್ಟು ಮಾತು ಬಿಡೋಕೆ ಕಾರಣವಾಗಿದ್ದ ಸ್ಟೀಲ್ ಚಮಚಗಳು, ಒಂದಲ್ಲ ಎರಡಲ್ಲ, ಒಳ್ಳೆ ಫಳಫಳ ಹೊಳೆಯುತ್ತಾ ಜರಡಿ ಮೇಲೆ ಕೂತಿದ್ದವು. ಸಿಪ್ಪೆಯ ಜೊತೆ ತಟ್ಟೆಯನ್ನು ಗುಂಡಿಗೆ ಕೊಡವುತ್ತಿದ್ದವರು ಯಾರು ಅನ್ನೋದನ್ನು ನಾನಾಗಿ ಹೇಳೋದಿಲ್ಲ. ಥರ್ಮಾಮೀಟರ್ ಹಿಡಿದುಕೊಂಡಿದ್ದವರು ಅನ್ನಿ.

ಅತ್ತೆಯವರದು ಮೊದಲಿಂದ ಒಂದೇ ತಕರಾರು: “ಮನೆ ಹಿಂದೆ ತಿಪ್ಪೆ ಇಟ್ಟುಕೊಂಡರೆ ಲಕ್ಷ್ಮಿ ಬರ್ತಾಳೇನಮ್ಮಾ?” ವಾಸ್ತು ನೋಡೋರೊಬ್ಬರನ್ನೂ ಕರೆಸಿದರು. ಅವರು ಈಶಾನ್ಯ ಬೇಡ, ನೈಋತ್ಯ ಬೇಡ, ಆಗ್ನೇಯ ಬೇಡ ಅಂತ ಒಂದೊಂದೇ ಮೂಲೆ ಅಳಿಸುತ್ತಾ ಬಂದು, ಉಳಿದ ಮೂಲೆಯಲ್ಲಿ ಬೋರ್‌ವೆಲ್ ಇದೆ ಅಂತ ಗೊತ್ತಾದ ಮೇಲೆ ಚಹಾ ಕುಡಿದು ಹೋದರು. ತಿಪ್ಪೆ ಅಂದರೆ ಮೂಗು ಮುರಿಯೋದು ನಮ್ಮ ಸೀಮೆಯವರಿಗೆ ಶೋಭೆಯಲ್ಲ. ಪಕ್ಕದ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ಇದ್ದಾರೆ. ಬಳ್ಳಾರಿಯ ಯಾವುದೇ ಆಫೀಸಿನಲ್ಲಿ ನಿಂತು “ತಿಪ್ಪೇಸ್ವಾಮೀ” ಅಂತ ಕೂಗಿ ನೋಡಿ, ಒಂದು ತಲೆಯಾದರೂ ತಿರುಗದಿದ್ದರೆ ಕೇಳಿ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಅಂತ ಹೆಸರಿಡುತ್ತಿದ್ದರು. ತಿಪ್ಪೆ ಕಾಯ್ತದೆ ಅನ್ನೋ ನಂಬಿಕೆ. ದೀಪಾವಳಿಯಲ್ಲಿ ಹಳ್ಳಿಗಳಲ್ಲಿ ತಿಪ್ಪೆಗೂ ಒಂದು ದೀಪ. ಇಷ್ಟೆಲ್ಲ ಹೇಳಿದ ಮೇಲೆ ಅತ್ತೆಯವರು ಸುಮ್ಮನಾದರು. ಅವರ ತವರಿನ ಅಜ್ಜನ ಹೆಸರು ತಿಪ್ಪೇರುದ್ರಪ್ಪ ಅಂತ ನನಗೆ ಮೊದಲೇ ಗೊತ್ತಿತ್ತು.

ಗುಂಡಿಯ ಕತೆ ಆಯಿತು, ಇನ್ನು ಗಿಡದ ಬುಡಕ್ಕೆ ಹೊದಿಕೆ. ಅದಕ್ಕೆ ಸಿರುಗುಪ್ಪ ಇದೆ. ಅಲ್ಲಿ ನಮ್ಮ ಚಿಕ್ಕಪ್ಪನದು ತುಂಗಭದ್ರಾ ಕಾಲುವೆ ಕೆಳಗಿನ ಗದ್ದೆ. ಬತ್ತದ ಸೀಮೆ, ರೈಸ್‌ಮಿಲ್ಲುಗಳ ಊರು. ಕೊಯ್ಲಿನ ಮಷಿನ್ ಬಂದ ಮೇಲೆ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿ ಹಚ್ಚೋರೂ ಇದ್ದಾರೆ. ಆ ಹೊಗೆಯನ್ನು ದಾಟಿಕೊಂಡೇ ಬಳ್ಳಾರಿಯ ಮೂಲೆಮನೆಗೆ ಕೊರಿಯರ್ ಬರುತ್ತದೆ, ತೆಂಗಿನ ನಾರಿನ ಪುಡಿ, ಐದು ಕಿಲೋ ಇಟ್ಟಿಗೆ! ಗಿಡದ ಬುಡಕ್ಕೆ ಹೊದಿಸೋಕೆ. ಜಪಾನಿನ ಸಹಜ ಕೃಷಿಕ ಫುಕುವೊಕಾ ಬತ್ತದ ಹುಲ್ಲನ್ನು ಗದ್ದೆಗೇ ಮರಳಿ ಹರಡಿ ಜಗತ್ಪ್ರಸಿದ್ಧರಾದರು. ಅಮೆರಿಕದ ರೂತ್ ಸ್ಟೌಟ್ ಅನ್ನೋ ಅಜ್ಜಿ ತೋಟದ ತುಂಬ ದಪ್ಪಗೆ ಹುಲ್ಲು ಹೊದಿಸಿ, ಅಗೆಯೋದನ್ನೇ ಬಿಟ್ಟು, ಬೆನ್ನುನೋವಿಲ್ಲದ ತೋಟಗಾರಿಕೆ ಅಂತ 1955ರಲ್ಲಿ ಪುಸ್ತಕವನ್ನೇ ಬರೆದಳು. ನಾನು ಚಿಕ್ಕಪ್ಪನಿಗೆ ಫೋನ್ ಮಾಡಿ ಎರಡು ಹೊರೆ ಹುಲ್ಲು ಕಳಿಸು ಅಂದೆ.

“ಯಾಕಮ್ಮಾ ತಾಯಿ, ಎಮ್ಮೆ ಕಟ್ಟಿಯೇನು?”

“ಇಲ್ಲ ಚಿಕ್ಕಪ್ಪಾ, ಬದನೆ ಗಿಡಕ್ಕೆ.”

“ಬದನೆಗಿಡ ಹುಲ್ಲು ತಿಂತೈತಾ? ಬಳ್ಳಾರಿಯಾಗ ಏನೇನು ಕಾಣಬೇಕೋ!”

ಹುಲ್ಲು ಬಂತು. ಅದರ ಜೊತೆಗೆ ಮಿಲ್ಲಿನಿಂದ ಎರಡು ಚೀಲ ಹೊಟ್ಟಿನ ಬೂದಿಯನ್ನೂ ಪ್ರೀತಿಯಿಂದ ಕಳಿಸಿದ್ದರು. ಬೂದಿ ಮಾತ್ರ ಇಲ್ಲಿ ಹಿಡಿತದಲ್ಲಿರಬೇಕು. ನಮ್ಮ ಎರೆಮಣ್ಣು ಮೊದಲೇ ಕ್ಷಾರ, ಸುಣ್ಣದ ಅಂಶ ಬೇಕಾದಷ್ಟಿದೆ. ಮಲೆನಾಡಿನ ಹುಳಿಮಣ್ಣಿನವರು ಕೊಡೋ ಸಲಹೆ ಕೇಳಿ ಬೂದಿ, ಸುಣ್ಣ ಸುರಿದರೆ ಎಲೆ ಇನ್ನಷ್ಟು ಹಳದಿಯಾಗುತ್ತದೆ, ಆಗ ಮೇಷ್ಟ್ರು ಮತ್ತೆ ಬೇರು ನೋಡೋಕೆ ಬರ್ತಾರೆ. ಹೊಟ್ಟನ್ನು ಹಾಗೇ ಹಾಕಿದರೂ ಬೇಗ ಕೊಳೆಯೋದಿಲ್ಲ, ಸಿಲಿಕಾ ಜಾಸ್ತಿ. ಕುಂಡದ ಮಣ್ಣು ಸಡಿಲ ಮಾಡೋಕೆ ಆದೀತು. ಹುಲ್ಲಿನ ಹೊದಿಕೆಯೇ ಸರಿ: ಕೆಳಗಿನ ಮಣ್ಣು ತಂಪಾಗಿರುತ್ತದೆ, ಬಿರುಕು ಬಿಡೋದಿಲ್ಲ, ಕಳೆ ತಲೆ ಎತ್ತೋದಿಲ್ಲ, ಒಂದು ಕೊಡ ನೀರು ಎರಡು ಮೂರು ದಿನ ತಡೆಯುತ್ತದೆ.

ಕುರುಗೋಡಿನ ನಮ್ಮ ಸೋದರತ್ತಿ ಇನ್ನೂ ಪಸಂದು. ಊರಲ್ಲಿ ದೊಡ್ಡಬಸವೇಶ್ವರ, ಏಕಶಿಲೆಯ ಬೃಹತ್ ನಂದಿ, ಜಾತ್ರೆಗೆ ಹೋದಾಗೆಲ್ಲ ನಮ್ಮನೆಯವರು ಕೈಮುಗಿದು, “ಇಷ್ಟು ದೊಡ್ಡ ಬಸವಣ್ಣ, ಗೊಬ್ಬರದ ಚಿಂತೆಯೇ ಇರ್ತಿರಲಿಲ್ಲ” ಅಂತ ನಿಟ್ಟುಸಿರು ಬಿಡ್ತಾರೆ. ಅತ್ತಿ ನಕ್ಕು ಕುರಿ ಹಿಕ್ಕೆಯ ಚೀಲ ತೋರಿಸುತ್ತಾಳೆ. ಆ ಕಡೆ ಕುರಿಗಾರರಿಗೆ ದುಡ್ಡೋ ಕಾಳೋ ಕೊಟ್ಟು ರಾತ್ರಿ ಹಿಂಡನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳೋದು ಹಳೇ ರೂಢಿ. ಕುರಿಗಳು ಮಲಗುತ್ತವೆ, ರೈತನೂ ಮಲಗುತ್ತಾನೆ, ಬೆಳಗಾಗೋದರೊಳಗೆ ಹೊಲಕ್ಕೆ ಗೊಬ್ಬರ. ಇದಕ್ಕಿಂತ ಸುಖದ ಒಕ್ಕಲುತನ ಎಲ್ಲಿದೆ? ನಗರದ ಹಿತ್ತಲಲ್ಲಿ ಹಿಂಡು ನಿಲ್ಲಿಸೋಕಾಗೋದಿಲ್ಲ, ಒಂದು ಚೀಲ ಹಿಕ್ಕೆ ತರಬಹುದು. ಔಷಧಿ ಅಂಗಡಿಯ ಗುಳಿಗೆಯ ಗಾತ್ರ, ನಿಧಾನಕ್ಕೆ ಕರಗುತ್ತದೆ, ಕೈಗೂ ಅಂಟೋದಿಲ್ಲ. ಬಸ್ಸಿನಲ್ಲಿ ತರುವಾಗ ಮಾತ್ರ ಕಂಡಕ್ಟರ್ “ಚೀಲದಾಗ ಏನ್ರೀ ಅಕ್ಕಾ?” ಅಂದರೆ “ಕಾಳುಮೆಣಸು” ಅನ್ನಬೇಡಿ. ಲಗೇಜ್ ಟಿಕೆಟ್ ಹರೀತಾರೆ.

ಗಿಡಗಳ ವಿಷಯ ಬೇಗ ಮುಗಿಸ್ತೀನಿ, ಯಾಕಂದರೆ ಅಲ್ಲಿ ಮಾಡೋಕೆ ಹೆಚ್ಚಿಗೆ ಏನೂ ಇಲ್ಲ. ನುಗ್ಗೆ ಕೊಂಬೆ ಚುಚ್ಚಿದರೆ ಬರುತ್ತದೆ. ಕರಿಬೇವು ಒಮ್ಮೆ ಹಿಡಿದರೆ ಬಿಡೋದಿಲ್ಲ. ಪುಂಡಿಪಲ್ಯ, ಚವಳಿಕಾಯಿ, ತೊಂಡೆ, ದೊಡ್ಡಪತ್ರೆ, ನಿಂಬೆ, ಇವೆಲ್ಲ ಬಳ್ಳಾರಿಯ ಸೊಸೆಯರ ಹಾಗೆ ಬಿಸಿಲು ಕಂಡವು. ಗುಂಡಿಯ ಗೊಬ್ಬರ ಹಾಕಿದಲ್ಲೆಲ್ಲ ಟೊಮೆಟೊ, ಕುಂಬಳ, ಪಪ್ಪಾಯಿ ತಾವಾಗಿ ಹುಟ್ಟುತ್ತವೆ. ನಾನು ಕಷ್ಟಪಟ್ಟು ಬಿತ್ತಿದ್ದು ಬಂದದ್ದು ಕಮ್ಮಿ, ಊಟದಲ್ಲಿ ಬೇಡವೆಂದು ಎಸೆದದ್ದೇ ಫಲ ಕೊಟ್ಟದ್ದು ಜಾಸ್ತಿ. ಲ್ಯಾವೆಂಡರ್, ಸ್ಟ್ರಾಬೆರಿ, ಟುಲಿಪ್ ಕೇಳೋರು ಊಟಿಯಲ್ಲಿ ಮನೆ ಮಾಡಲಿ.

ಬೇಸಿಗೆ ರಜೆಗೆ ಮಗಳ ಮನೆಗೆ ಹೋಗೋದಿದ್ದರೆ ಕುಂಬಾರರ ಹತ್ತಿರ ಸುಟ್ಟಮಣ್ಣಿನ ಗಡಿಗೆ ತನ್ನಿ. ಬಣ್ಣ ಬಳಿದದ್ದು ಬೇಡ. ಗಿಡದ ಪಕ್ಕ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೊಂದು ತಟ್ಟೆ ಮುಚ್ಚಿ. ಗಡಿಗೆ ಬೆವರುತ್ತದೆ, ಬೇರು ಕುಡಿಯುತ್ತದೆ. ನೀರು ಹಾಕೋಕೆ ಪಕ್ಕದ ಮನೆಯವರಿಗೆ ಬೀಗದ ಕೈ ಕೊಡೋದು ತಪ್ಪುತ್ತದೆ, ವಾಪಸ್ ಬಂದಾಗ ನುಗ್ಗೆಕಾಯಿಯೂ ಮರದ ಮೇಲೇ ಇರುತ್ತದೆ.

ನಮ್ಮ ಓಣಿಯಲ್ಲಿ ಈಗ ಮೇಷ್ಟ್ರೂ ಒಂದು ಗುಂಡಿ ತೋಡಿಸಿದ್ದಾರೆ. ಅದಕ್ಕೊಂದು ರಿಜಿಸ್ಟರ್ ಬೇರೆ, ಯಾವ ತಾರೀಖು ಯಾವ ಸಿಪ್ಪೆ ಅಂತ. ಇರಲಿ, ಹುಳಗಳಿಗೆ ಓದೋಕೆ ಬರೋದಿಲ್ಲ. ನನ್ನ ಕೋರಿಕೆ ಬೇರೆ. ನಿಮ್ಮಲ್ಲಿ ಯಾರಿಗಾದರೂ ಎಣ್ಣೆಗಾಣದವರ ಪರಿಚಯ ಇದ್ದರೆ ಶೇಂಗಾ ಸಿಪ್ಪೆ ಸುಡಬೇಡಿ ಅನ್ನಿ, ಬೇವಿನೆಲೆ ಗುಡಿಸಿ ರಸ್ತೆ ಬದಿಯಲ್ಲಿ ಬೆಂಕಿ ಹಚ್ಚೋರು ಕಂಡರೆ ಒಂದು ಚೀಲ ಕೈಗೆ ಕೊಡಿ. ಎಲ್ಲ ನಮ್ಮ ಗೇಟಿನ ಹತ್ತಿರ ಇಟ್ಟು ಹೋಗಿ. ಮುಂದಿನ ದೀಪಾವಳಿಗೆ ಆಳಿಗೊಂದು ಬುಟ್ಟಿ ಗೊಬ್ಬರ ಕೊಡ್ತೀನಿ. ಜರಡಿ ಮಾತ್ರ ನೀವೇ ಹಿಡೀಬೇಕು. ಚಮಚ ಸಿಕ್ಕರೆ ನಮ್ಮದು.